ತಪ್ಪಿಲ್ಲದೆ ಹಾಡಿದ ದಿನ

ಮೂರನೇ ಕೋಣೆಯ ಅಜ್ಜಿ ಚಮಚ ಕಂಡರೆ ತುಟಿ ಬಿಗಿಯುವುದಕ್ಕೆ ಶುರುಮಾಡಿ ಎರಡು ವಾರವಾಗಿತ್ತು. ವೃದ್ಧಾಶ್ರಮದ ನಾವು ಮೂವರು ಆಯಾಗಳು ಸರದಿಯ ಮೇಲೆ ಕೂತು, ಸೂಪು ಆರಿಸಿ, ಗಲ್ಲ ಸವರಿ, ಒಂದೇ ಒಂದು ಚಮಚ ಎಂದು ಗೋಗರೆದರೂ ಆ ತುಟಿಗಳು ಅಂಟಿಸಿದ ಲಕೋಟೆಯ ಹಾಗೆ ಇರುತ್ತಿದ್ದವು. ಮಂಚದ ಕಾಲಿಗೆ ನೇತುಹಾಕಿದ ಹಾಳೆಯಲ್ಲಿ ಪ್ರತಿ ಊಟಕ್ಕೂ ಎಷ್ಟು ಚಮಚ ಒಳಗೆ ಹೋಯಿತೆಂದು ಬರೆಯಬೇಕು. ನಾಲ್ಕು. ಮೂರು. ಎರಡು, ಅದರಲ್ಲಿ ಒಂದು ನನ್ನ ಅಂಗಿಯ ಮೇಲೆ.

ಅಜ್ಜಿ ಹೊರದೇಶದಿಂದ ಬಂದು ಐವತ್ತು ವರ್ಷ ನಮ್ಮ ನಡುವೆಯೇ ಇದ್ದವಳು, ನಮ್ಮ ಭಾಷೆಯಲ್ಲೇ ಸಂತೆ ಮಾಡಿ ಜಗಳ ಆಡಿದವಳು. ಕಳೆದ ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿದಾಗ ಆ ಐವತ್ತು ವರ್ಷದ ಮಾತನ್ನೆಲ್ಲ ಯಾರೋ ಒದ್ದೆಬಟ್ಟೆಯಲ್ಲಿ ಒರೆಸಿಹಾಕಿದಂತೆ ಆಯಿತು. ಉಳಿದದ್ದು ಅವಳು ಹುಟ್ಟಿದ ಮನೆಯ ಮಾತು. ಅದು ನಮಗೆ ಯಾರಿಗೂ ಬಾರದು.

ತಿಂಗಳಿಗೊಮ್ಮೆ ಗಂಟಲು ಪರೀಕ್ಷಿಸಲು ಬರುವ ಡಾಕ್ಟರನ್ನು ನಾವು ನುಂಗು ಡಾಕ್ಟರ್ ಎಂದು ಕರೆಯುತ್ತಿದ್ದೆವು. ಅವರು ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು.

"ಇನ್ನು ಇಪ್ಪತ್ತು ದಿನ ನೋಡ್ತೀನಿ. ನನ್ನ ಕಣ್ಣೆದುರಿಗೆ ಅರ್ಧ ಬಟ್ಟಲು ಕೆಮ್ಮಿಲ್ಲದೆ ಇಳೀಬೇಕು. ಇಲ್ಲಾಂದ್ರೆ ಮೂಗಿಗೆ ನಳಿಗೆ ಹಾಕಿ ಮೇಲಕ್ಕೆ ಕಳಿಸ್ಬಿಡೋಣ."

ಮೇಲಕ್ಕೆ ಎಂದರೆ ಎರಡನೇ ಮಹಡಿ. ಅಲ್ಲಿ ನಾನು ಎರಡು ವರ್ಷ ಕೆಲಸ ಮಾಡಿದ್ದೇನೆ. ನಳಿಗೆಯಲ್ಲಿ ಹೊಟ್ಟೆಗೆ ಊಟ ಹೋಗುತ್ತದೆ, ಸುಳ್ಳಲ್ಲ. ಆದರೆ ತುರಿಕೆಗೋ ಸಿಟ್ಟಿಗೋ ಅವರು ಅದನ್ನು ಎಳೆದುಹಾಕುತ್ತಾರೆ. ಎಳೆಯಬಾರದೆಂದು ಎರಡು ಕೈಗೂ ದಪ್ಪ ಹತ್ತಿಯ ಚೀಲ ತೊಡಿಸಿ, ಅದರ ಲಾಡಿಯನ್ನು ಮಂಚದ ಸರಳಿಗೆ ಕಟ್ಟುತ್ತೇವೆ. ಬಿಚ್ಚಿಕೊಳ್ಳದ ಹಾಗೆ ಗಂಟು ಹಾಕುವುದರಲ್ಲಿ ನಾನು ಪಳಗಿದವಳು. ಅಜ್ಜಿಯ ಮಣಿಕಟ್ಟು ತೊಳೆಯುವಾಗ ನನ್ನ ಬೆರಳು ತಾನಾಗಿಯೇ ಗಂಟು ಎಲ್ಲಿ ಬೀಳುತ್ತದೆಂದು ಅಳೆದುಬಿಟ್ಟಿತು. ಆ ದಿನ ನನಗೂ ಊಟ ಸೇರಲಿಲ್ಲ.

ಮಾರನೆಯ ಬೆಳಿಗ್ಗೆ ಬೆನ್ನು ಒರೆಸುತ್ತಿದ್ದಾಗ ಅಜ್ಜಿ ಗುನುಗತೊಡಗಿದಳು. ಒಂದೇ ಸಾಲು, ಒಂದೇ ಮಟ್ಟು, ಎರಡು ಪದ ಮಾತ್ರ ಬೇರೆ ಬೇರೆ. ಕೈಕಾಲಿಗೆ ವ್ಯಾಯಾಮ ಮಾಡಿಸುವ ಹುಡುಗಿ ಬಾಗಿಲಲ್ಲೇ ನಿಂತಳು.

"ಅಕ್ಕಾ, ಇದು ಜರ್ಮನ್! ನಾನು ಆರು ತಿಂಗಳು ಕ್ಲಾಸಿಗೆ ಹೋಗಿ ಬಿಟ್ಟಿದ್ದೆ. ಕಿಂಟ್ ಅಂದ್ರೆ ಮಗು. ಬೇಕರಿಯವನು ಮಗೂಗೆ ರೊಟ್ಟಿ ತರ್ತಾನೆ, ಬಡಗಿ ಕುರ್ಚಿ ತರ್ತಾನೆ... ಇದು ಕ್ರಿಸ್‌ಮಸ್ ಹಾಡಿರ್ಬೇಕು."

"ಈ ಬಿರುಬಿಸಿಲಲ್ಲಿ ಕ್ರಿಸ್‌ಮಸ್ಸಾ?"

"ಅಜ್ಜಿಗೆ ಕ್ಯಾಲೆಂಡರ್ ಯಾರು ತೋರಿಸಿದ್ದಾರೆ ಹೇಳಿ."

ಕೈಗವಸಿನ ಡಬ್ಬಿಯ ಮುಚ್ಚಳ ಹರಿದು ಅದರ ಹಿಂದೆ ನಮ್ಮ ಅಕ್ಷರದಲ್ಲೇ ಬರೆದುಕೊಂಡೆ. ಡೇರ್ ಬೆಕರ್ ಬ್ರಿಂಗ್ಟ್ ಡೇಮ್ ಕಿಂಟ್ ಡಾಸ್ ಬ್ರೋಟ್. ಮುಂದಿನ ಸಾಲಲ್ಲಿ ಕುರಿ ಕಾಯುವವನು ಹಾಲು ತರುತ್ತಾನೆ, ಆಮೇಲೆ ನೇಕಾರ ಬಟ್ಟೆ, ಬಡಗಿ ಕುರ್ಚಿ, ಕಮ್ಮಾರ ಮೊಳೆ, ಪಕ್ಕದ ಮನೆಯವಳು ಚಮಚ, ಕೊನೆಗೆ ಒಬ್ಬಳು ಹುಡುಗಿ ದೀಪ. ಒಟ್ಟು ಏಳು ಸಾಲು. ದೊಡ್ಡ ದೊಡ್ಡ ಉಡುಗೊರೆಯೇನಲ್ಲ, ಹೊಸದಾಗಿ ಸಂಸಾರ ಹೂಡಿದವರಿಗೆ ಅಕ್ಕಪಕ್ಕದವರು ತಂದುಕೊಡುವಂಥವು.

ಮಧ್ಯಾಹ್ನ ಸೂಪು ಹಿಡಿದು ಕೂತಾಗ ಬೇಡಿಕೊಳ್ಳುವುದಕ್ಕೆ ನನ್ನಲ್ಲಿ ಮಾತು ಮುಗಿದಿತ್ತು. ಸುಮ್ಮನೆ ಹಾಡಿದೆ. ರೊಟ್ಟಿ ಆಯಿತು, ಹಾಲು ಆಯಿತು, ಬಟ್ಟೆ ಆಯಿತು. ಅಜ್ಜಿ ಕಣ್ಣು ಬಿಟ್ಟಳು. ಬಡಗಿಯ ಸಾಲಿಗೆ ಬಂದಾಗ ನಾನು "ಡೇರ್ ಶ್ಟೂಲ್" ಎಂದೆ.

"ನೈನ್!" ಅಲ್ಲ ಅಂತ. ಲಕೋಟೆ ಹರಿದೇಹೋಯಿತು. "ಡೇನ್! ಡೇನ್ ಶ್ಟೂಲ್!"

ಬಾಯಿ ತೆರೆದಿತ್ತು, ಚಮಚ ಹತ್ತಿರದಲ್ಲೇ ಇತ್ತು, ಒಳಗೆ ಹೋಯಿತು. ಅಜ್ಜಿ ಅದನ್ನು ನುಂಗಿದ್ದು ಗಮನಿಸಲೇ ಇಲ್ಲ. ಬೆರಳೆತ್ತಿ, "ನೊಖ್ ಐನ್‌ಮಾಲ್" ಎಂದಳು. ಇನ್ನೊಂದು ಸಲ.

ಇನ್ನೊಂದು ಸಲ ಹಾಡಿದೆ. ಇನ್ನೊಂದು ಕಡೆ ಎಡವಿದೆ. ಇನ್ನೊಂದು ಚಮಚ ಇಳಿಯಿತು. ನಾನು ಮುಂದೆ ಎಲ್ಲಿ ತಪ್ಪುತ್ತೇನೋ ಎಂದು ಕಿವಿ ನಿಮಿರಿಸಿ ಕೂತ ಹೊತ್ತಿನಲ್ಲಿ ಅವಳಿಗೆ ತುಟಿ ಬಿಗಿಯುವುದು ಮರೆತುಹೋಗುತ್ತಿತ್ತು. ಹಾಳೆಯಲ್ಲಿ ಹದಿನೆಂಟು ಎಂದು ಬರೆದೆ. ನಮ್ಮ ವಾರ್ಡಿನ ಯಜಮಾನಿ ದೊಡ್ಡ ಸಿಸ್ಟರ್ ಕನ್ನಡಕ ಏರಿಸಿ ನೋಡಿದರು.

"ಇದೇನು, ಹದಿನೆಂಟಾ, ಒಂದು ಎಂಟಾ?"

"ಹದಿನೆಂಟು ಸಿಸ್ಟರ್. ಹಾಡು ಹೇಳಿದೆ."

"ಹಾಡು ಹೇಳೋದಾದ್ರೆ ನನ್ನ ಮನೆ ಗಂಡಸಿಗೂ ಒಂದಿಷ್ಟು ಹೇಳಿಕೊಡು, ಅಲ್ಲೂ ತಟ್ಟೆ ಹಾಗೇ ವಾಪಸ್ ಬರ್ತದೆ" ಎಂದು ಹೊರಟುಹೋದರು.

ಅಂದು ಸಂಜೆಯಿಂದ ನಮ್ಮ ಮನೆಯಲ್ಲಿ ಶಾಲೆ ಶುರುವಾಯಿತು. ಮಗಳು ಏಳನೇ ಕ್ಲಾಸು. ಶಾಲೆಯ ಲೈಬ್ರರಿಯಿಂದ ಬೆನ್ನು ಕಿತ್ತ ಒಂದು ಜರ್ಮನ್ ಪುಸ್ತಕ ತಂದಳು. ನಾನು ಅವಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತ ಪಾಠ ಒಪ್ಪಿಸಬೇಕು, ಅವಳು ಮೇಜಿನ ಮೇಲೆ ಕಾಲಾಡಿಸುತ್ತ ಕೇಳಬೇಕು. ಇಷ್ಟು ವರ್ಷ ಇಸ್ತ್ರಿಪೆಟ್ಟಿಗೆಯ ಈಚೆಯಿಂದ ಮಗ್ಗಿ ಕೇಳಿದವಳು ನಾನು. ಅವಳು ಬಡ್ಡಿ ಸಮೇತ ತೀರಿಸಿಕೊಂಡಳು.

"ಅಮ್ಮಾ, ಬಡಗಿಗೆ ಡೇರ್, ಯಾಕಂದ್ರೆ ಅವನು ತರೋನು. ಅವರಲ್ಲಿ ಸಾಮಾನಿಗೂ ಗಂಡು ಹೆಣ್ಣು ಇದೆ, ಕುರ್ಚಿನೂ ಗಂಡಸೇ. ಆದ್ರೆ ಅವನು ಕುರ್ಚಿಯನ್ನು ತರ್ತಾನಲ್ಲ, ಅದಕ್ಕೆ ಡೇನ್. ನಾವು ಕುರ್ಚಿಗೆ ಬಾಲ ಸೇರಿಸ್ತೀವಿ, ಕುರ್ಚಿಯನ್ನು, ಮಗುವಿಗೆ ಅಂತ. ಅವರು ಬಾಲ ಮುಟ್ಟಲ್ಲ, ತಲೆ ಮೇಲಿನ ಟೋಪಿ ಬದಲಾಯಿಸ್ತಾರೆ. ಅಷ್ಟೇ."

"ಹಾಲು?"

"ಹೆಂಗಸು. ಡೀ ಮಿಲ್ಶ್. ಅವಳ ಟೋಪಿ ಇಲ್ಲಿ ಬದಲಾಗಲ್ಲ."

"ಮಗು?"

"ಮಗು ಗಂಡೂ ಅಲ್ಲ ಹೆಣ್ಣೂ ಅಲ್ಲ, ಡಾಸ್."

ಅದೊಂದನ್ನು ನಾನು ಕಲಿಯಬೇಕಾಗಿಯೇ ಬರಲಿಲ್ಲ. ನಮ್ಮಲ್ಲೂ ಮಗು ಅಳುತ್ತದೆ, ಮಗು ಮಲಗಿತು. ಯಾವ ಊರಿನವರಾದರೇನು, ತೊಟ್ಟಿಲ ಪಕ್ಕ ನಿಂತಾಗ ಒಂದೇ ಥರ ಯೋಚಿಸಿದ್ದಾರೆ ಅನ್ನಿಸಿ, ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಒಂದು ಗಳಿಗೆ ನಿಂತುಬಿಟ್ಟೆ.

ಮಗಳ ಅಪ್ಪ ಬಸ್ಸು ಓಡಿಸುವ ಡ್ಯೂಟಿ ಮುಗಿಸಿ ಒಳಗೆ ಬಂದವರು ಕುರ್ಚಿಗೆ, ಬಾಗಿಲಿಗೆ, ದೀಪಕ್ಕೆ ಅಂಟಿಸಿದ ಚೀಟಿಗಳನ್ನು ಸುತ್ತ ನೋಡಿದರು.

"ಕುರ್ಚಿ ಗಂಡಸಾ?"

"ಹೌದಪ್ಪ."

"ಅದಕ್ಕೇ ಪಾಪ, ಎಲ್ಲಾರೂ ಮೇಲೆ ಕೂತ್ಕೋತೀರ."

ಅಜ್ಜಿ ಟೀಚರಾಗಿದ್ದಿರಬೇಕೆಂದು ನನಗೆ ಪಂದ್ಯ ಕಟ್ಟುವಷ್ಟು ಖಾತ್ರಿಯಿತ್ತು. ತಿಂಗಳಿಗೊಮ್ಮೆ ಫೋನು ಮಾಡುವ ಅವಳ ತಂಗಿಯ ಮಗನನ್ನು ಕೇಳಿದಾಗ ಆತ ನಕ್ಕ.

"ಟೀಚರಾ? ದೊಡ್ಡಮ್ಮ ಗುಂಡಿ ಕಾರ್ಖಾನೆಯಲ್ಲಿದ್ರು. ಕೋಟಿನ ಗುಂಡಿ. ಆದ್ರೆ ಏಳು ಜನ ಮಕ್ಕಳಲ್ಲಿ ಅವರೇ ಹಿರಿಯರು ನೋಡಿ. ಕ್ರಿಸ್‌ಮಸ್ ಸಂಜೆ ಒಂದೊಂದು ಮಗೂ ನಿಂತು ಒಂದೊಂದು ಸಾಲು ಹಾಡ್ಬೇಕು. ಚಿಕ್ಕವರಿಗೆಲ್ಲ ಕಲಿಸೋ ಕೆಲಸ ಅವರದೇ. ನಮ್ಮಮ್ಮನಿಗೆ ದೀಪದ ಸಾಲು. ಕಲಿಸೋವಾಗ ಕಿವಿ ಹಿಂಡ್ತಿದ್ರಂತೆ."

"ಈಗ್ಲೂ ಹಿಂಡ್ತಾರೆ" ಎಂದೆ.

ಮೊದಲ ವಾರ ಚಮಚಗಳು ಏರಿದವು. ಇಪ್ಪತ್ತೆರಡು, ಇಪ್ಪತ್ತಾರು. ಮೂವತ್ತಾದರೆ ಅರ್ಧ ಬಟ್ಟಲು. ಆಮೇಲೆ ಇಳಿಯತೊಡಗಿದವು. ಇಪ್ಪತ್ತು, ಹದಿನೇಳು. ಡಾಕ್ಟರ್ ಬರಲು ಮೂರು ದಿನವಿರುವಾಗ ಹನ್ನೊಂದು. ನನ್ನ ಹಾಡು ಇನ್ನೂ ಸಾಲದು, ಅಜ್ಜಿಗೆ ಬೇಸರ ಬಂದಿದೆ, ಇದೇ ನನ್ನ ತಲೆಗೆ ಹೊಳೆದದ್ದು. ಕಷ್ಟ ಬಂದಾಗಲೆಲ್ಲ ಇನ್ನಷ್ಟು ಕಷ್ಟಪಡುವುದು ಬಿಟ್ಟರೆ ನನಗೆ ಬೇರೆ ಉಪಾಯ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಹಾಡಿದೆ, ಪಾತ್ರೆ ತೊಳೆಯುತ್ತ ಹಾಡಿದೆ. ಮಗಳು ಪೆನ್ಸಿಲ್ ಹಿಡಿದು ಒಂದೊಂದು ಟೋಪಿಯನ್ನೂ ಪರೀಕ್ಷಿಸಿದಳು.

ಡಾಕ್ಟರ್ ಬರುವ ಹಿಂದಿನ ಸಂಜೆ ಏಳು ಸಾಲೂ ಉಸಿರು ಕಟ್ಟಿ ಒಪ್ಪಿಸಿದೆ. ಅವಳು ಪೆನ್ಸಿಲ್ ಕೆಳಗಿಟ್ಟಳು.

"ನೂರಕ್ಕೆ ನೂರು ಅಮ್ಮ! ನಾಳೆ ಡಾಕ್ಟರ್ ಮೂಗಿನ ಮೇಲೆ ಬೆರಳಿಟ್ಕೋತಾರೆ."

ಮಾರನೆಯ ದಿನ ಹನ್ನೊಂದು ಗಂಟೆಗೆ ನುಂಗು ಡಾಕ್ಟರ್ ಮಂಚದ ಬಲಗಡೆ ಕೂತರು. ದೊಡ್ಡ ಸಿಸ್ಟರ್ ಕಾಲ ಬಳಿ ಕೈಕಟ್ಟಿ ನಿಂತರು. ನಳಿಗೆಯ ಕಾಗದ ಆಗಲೇ ತುಂಬಿಸಿ ಹಲಗೆಗೆ ಸಿಕ್ಕಿಸಿಯಾಗಿತ್ತು, ರುಜು ಒಂದೇ ಬಾಕಿ. ಅಜ್ಜಿಯ ತಲೆದಿಂಬು ಏರಿಸಿ, ಗದ್ದದ ಕೆಳಗೆ ಬಟ್ಟೆ ಹರಡಿ ನಾನು ಶುರುಮಾಡಿದೆ. ರೊಟ್ಟಿ, ಹಾಲು, ಬಟ್ಟೆ. ಕುರ್ಚಿಯನ್ನು ಡೇನ್ ಎಂದೆ, ಮೊಳೆಯನ್ನು ಡೇನ್ ಎಂದೆ, ಚಮಚವನ್ನೂ ಬಿಡಲಿಲ್ಲ. ದೀಪದ ಸಾಲನ್ನು ಎಳೆದು ನಿಲ್ಲಿಸಿದಾಗ ನನಗೇ ನನ್ನ ಮೇಲೆ ಮೆಚ್ಚುಗೆ ಬಂತು.

ಅಜ್ಜಿ ಕೊನೆಯವರೆಗೂ ಕೇಳಿದಳು. ನಿಧಾನವಾಗಿ ತಲೆದೂಗಿದಳು. "ಗೂಟ್" ಎಂದಳು. ಒಳ್ಳೆಯದು. ನನ್ನ ಕೆನ್ನೆಯನ್ನು ಒಮ್ಮೆ ತಟ್ಟಿ, ಕೆಲಸ ಮುಗಿದವರು ಸೆರಗು ಕೊಡವಿ ಏಳುತ್ತಾರಲ್ಲ ಹಾಗೆ ಮೈ ಸಡಿಲಿಸಿ ಕಣ್ಣು ಮುಚ್ಚಿದಳು. ತುಟಿಗಳು ಒಂದಕ್ಕೊಂದು ಕೂತವು.

ಚಮಚ ತಾಗಿಸಿದೆ. ಅಲುಗಾಡಲಿಲ್ಲ. ಮತ್ತೆ ಹಾಡಿದೆ. ಇಲ್ಲ. ಹಾಳೆಯ ಅಂಕಿಗಳು ಆಗ ಒಮ್ಮೆಲೇ ನನ್ನ ಕಣ್ಣಿಗೆ ನೆಟ್ಟಗೆ ಕಂಡವು. ನನ್ನ ತಪ್ಪು ಕಡಿಮೆಯಾದ ಹಾಗೆಲ್ಲ ಚಮಚ ಕಡಿಮೆಯಾಗಿತ್ತು. ಅವಳು ಹಾಡು ಕೇಳಿ ತಿಂದದ್ದಲ್ಲ, ಕಲಿಸುತ್ತ ತಿಂದದ್ದು. ಹಿಂದಿನ ಸಂಜೆ ನಾನೂ ನನ್ನ ಮಗಳೂ ಮೇಜಿಗೆ ಕೂತು ಅವಳ ಕೆಲಸವನ್ನು ಕಿತ್ತುಕೊಂಡಿದ್ದೆವು.

ಗಾಬರಿಯಲ್ಲಿ ಬೇಕೆಂದೇ ತಪ್ಪಿದೆ. "ಡೇರ್ ಶ್ಟೂಲ್" ಎಂದೆ, ಜೋರಾಗಿ. ಅಜ್ಜಿ ಒಂದು ಕಣ್ಣು ಬಿಟ್ಟಳು. ಆ ನೋಟದಲ್ಲಿ ನಾನು ಆರು ವರ್ಷದವಳಾಗಿಬಿಟ್ಟೆ. ಆರು ಜನ ತಮ್ಮ ತಂಗಿಯರನ್ನು ತಿದ್ದಿದವಳಿಗೆ ಬಾರದೆ ತಪ್ಪುವುದಕ್ಕೂ ಕಳ್ಳಾಟಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲವೇ? ಅವಳು ಗೋಡೆಯ ಕಡೆ ತಿರುಗಿದಳು.

"ಸಾಕು ಬಿಡಿ" ಎಂದರು ಡಾಕ್ಟರ್. ದನಿಯಲ್ಲಿ ಗದರಿಕೆ ಇರಲಿಲ್ಲ, ಅದು ಇನ್ನೂ ಕಷ್ಟ. ಪೆನ್ನಿನ ಮುಚ್ಚಳ ತೆಗೆದರು.

"ಡಾಕ್ಟ್ರೇ, ಬೇರೆ ಯಾರಾದ್ರೂ ಹಾಡ್ಬೇಕು" ಎಂದೆ. "ಬಾರದವರು. ನಿಜವಾಗ್ಲೂ ಬಾರದವರು. ಒಂದೇ ಒಂದು ಸಲ."

"ಇಲ್ಲಿ ಯಾರಿಗಮ್ಮ ಬರ್ತದೆ?"

"ಅದಕ್ಕೇ ಕೇಳ್ತಿರೋದು."

ಡಾಕ್ಟರ್ ಪೆನ್ನು ಹಿಡಿದೇ ಇದ್ದರು. ನಾನು ದೊಡ್ಡ ಸಿಸ್ಟರ್ ಕಡೆ ನೋಡಿದೆ. ಅವರು ನನ್ನನ್ನು ಬಿಟ್ಟು ಕಿಟಕಿ, ಫ್ಯಾನು, ಗೋಡೆಗಡಿಯಾರ ಎಲ್ಲ ನೋಡಿದರು. ಮೂವತ್ತು ವರ್ಷ ಈ ಕಟ್ಟಡದಲ್ಲಿ ಅವರು ಹಾಡಿದ್ದನ್ನು ಯಾರೂ ಕೇಳಿಲ್ಲ.

"ನನ್ನ ಮುಖ ಯಾಕೆ ನೋಡ್ತೀಯ? ನಾನು ಹಾಡಿದ್ರೆ ಇರೋ ರೋಗಿಗಳೂ ಎದ್ದು ಓಡಿಹೋಗ್ತಾರೆ."

"ಓಡಿದ್ರೆ ಓಡ್ಲಿ ಸಿಸ್ಟರ್, ಕಾಲಾದ್ರೂ ಸರಿಯಾಯ್ತು."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ದೊಡ್ಡ ಸಿಸ್ಟರ್ ನನ್ನ ಕೈಯಿಂದ ಡಬ್ಬಿಯ ಮುಚ್ಚಳ ಕಸಿದುಕೊಂಡರು. ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಸ್ಟೋರಿನ ಔಷಧಿ ಪಟ್ಟಿ ಓದುವ ಅದೇ ದನಿಯಲ್ಲಿ ಓದತೊಡಗಿದರು. ಮಟ್ಟೂ ಇಲ್ಲ, ತಾಳವೂ ಇಲ್ಲ. ಬೆಕರ್ ಎಂಬುದು ಬೇಕಾರ್ ಆಯಿತು. ಸಾಲು ತಪ್ಪಿ, ರೊಟ್ಟಿಯ ಡಾಸ್ ಹಾಲಿಗೆ ಬಿತ್ತು.

ಅಜ್ಜಿಯ ಬೆನ್ನು ಸೆಟೆಯಿತು. ಗೋಡೆಯಿಂದ ಮುಖ ಮೆಲ್ಲಗೆ ಈಚೆ ಬಂತು. ಈ ಬಿಳಿಕೂದಲಿನ, ದಪ್ಪ ಮೈಯಿನ ಹೊಸ ಮಗುವನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೈನ್" ಎಂದಳು. "ಡೀ ಮಿಲ್ಶ್."

"ಅದೇ ಅಲ್ವಾ ನಾನು ಹೇಳಿದ್ದು?" ಎಂದರು ದೊಡ್ಡ ಸಿಸ್ಟರ್, ನಿಜವಾಗಿಯೂ ಅವಮಾನವಾದವರಂತೆ.

"ನೈನ್! ಡೀ! ಡೀ!" ಅಜ್ಜಿ ಆಡುವ ಕೈಯಲ್ಲಿ ಅವರ ಮೊಣಕೈಗೆ ಹೊಡೆದಳು. ನಾನು ಚಮಚ ಹಾಕಿದೆ. ಡಾಕ್ಟರ್ ಎರಡು ಬೆರಳನ್ನು ಅಜ್ಜಿಯ ಗಂಟಲಿನ ಮೇಲಿಟ್ಟರು. ಗಂಟಲು ಏರಿತು, ಇಳಿಯಿತು. ಕೆಮ್ಮಿಲ್ಲ. "ನೊಖ್ ಐನ್‌ಮಾಲ್."

"ಏನಂತೆ?"

"ಇನ್ನೊಂದು ಸಲ ಅಂತೆ ಸಿಸ್ಟರ್."

"ಅಯ್ಯೋ ಕರ್ಮವೇ" ಎಂದರು ದೊಡ್ಡ ಸಿಸ್ಟರ್. ಮತ್ತೆ ಶುರುಮಾಡಿದರು. ಬಡಗಿಯನ್ನು ತಲುಪುವಷ್ಟರಲ್ಲಿ ಅವರು ಮಾಡದ ತಪ್ಪಿರಲಿಲ್ಲ. ಅಜ್ಜಿ ತಿದ್ದಿದಳು, ಗದರಿದಳು, ಒಮ್ಮೆ ಹಣೆ ಚಚ್ಚಿಕೊಂಡಳು, ಈ ನಡುವೆ ನಾನು ಚಮಚದ ಮೇಲೆ ಚಮಚ ಇಳಿಸುತ್ತ ಹೋದೆ. ಬಟ್ಟಲಿನ ಅರ್ಧಕ್ಕೆ ಎಳೆದ ನೀಲಿ ಗೆರೆ ಕಂಡಾಗ ಡಾಕ್ಟರ್ ಕೈ ತೆಗೆದರು.

"ಗಂಟಲು ಚೆನ್ನಾಗಿದೆ" ಎಂದರು. ಕಾಗದವನ್ನು ಹಲಗೆಯಿಂದ ಕಿತ್ತು ಮಡಚಿ ಜೇಬಿಗಿಟ್ಟುಕೊಂಡರು. "ನಳಿಗೆ ಬೇಡ. ಇಲ್ಲೇ ಇರ್ಲಿ. ಮೂರು ತಿಂಗಳು ಬಿಟ್ಟು ನೋಡ್ತೀನಿ. ಆದ್ರೆ ಸಿಸ್ಟರ್, ನೀವು ಮಾತ್ರ ಮನೇಲಿ ಪ್ರಾಕ್ಟೀಸ್ ಮಾಡ್ಬೇಡಿ."

ಮನೆಗೆ ಹೋಗಿ ಹೇಳಿದಾಗ ಮಗಳ ಮುಖ ಸಪ್ಪಗಾಯಿತು. "ಹಾಗಾದ್ರೆ ನಾವು ಕಲ್ತಿದ್ದು ತಪ್ಪಾ ಅಮ್ಮ?" ಎಂದಳು. ತಪ್ಪಲ್ಲ ಪುಟ್ಟಿ, ಕಲಿತು ಮುಗಿಸಿದೆವು ಅಷ್ಟೇ ಎಂದೆ. ಅವಳನ್ನೂ ನಾನು ಹೀಗೆಯೇ ಕೂರಿಸಿಕೊಂಡು ತಿದ್ದುತ್ತ ಬಂದಿದ್ದೇನೆ. ಅವಳ ಲೆಕ್ಕದಲ್ಲಿ ತಪ್ಪು ಸಿಕ್ಕಿದ ದಿನ ನನಗೆ ಬೇಜಾರಾಗುತ್ತಿತ್ತೋ, ಒಳಗೊಳಗೇ ಹಿತವಾಗುತ್ತಿತ್ತೋ ಎಂದು ಅಂದು ಮೊದಲ ಬಾರಿ ನನ್ನನ್ನೇ ಕೇಳಿಕೊಂಡೆ.

ಈಗ ಮೂರನೇ ಕೋಣೆಗೆ ಊಟದ ಸರದಿ ಬೇರೆಯಾಗಿದೆ. ಬೆಳಿಗ್ಗೆ ಅಡುಗೆಮನೆಯ ಹೆಂಗಸು, ಮಧ್ಯಾಹ್ನ ದೊಡ್ಡ ಸಿಸ್ಟರ್, ಸಂಜೆ ವಾಚ್‌ಮನ್ ತಾತ. ಅವನಿಗೆ ಕಿವಿ ಮಂದ, ಆದ್ದರಿಂದ ಅವನ ಪಾಠ ಬೇಗ ಮುಗಿಯುವ ಭಯವಿಲ್ಲ. ನನ್ನ ಹೆಸರು ಆ ಪಟ್ಟಿಯಲ್ಲಿಲ್ಲ. ನಾನು ಹಾಸಿಗೆ ಬದಲಿಸಲು, ಬೆನ್ನು ಒರೆಸಲು ಮಾತ್ರ ಹೋಗುತ್ತೇನೆ. ಅಜ್ಜಿ ನನ್ನನ್ನು ಕಂಡರೆ ಗೂಟ್ ಎನ್ನುತ್ತಾಳೆ, ಮದುವೆ ಮಾಡಿ ಕಳಿಸಿದ ತಂಗಿಯನ್ನು ಮಾತಾಡಿಸುವಂತೆ. ಅಷ್ಟೇ. ಅವಳು ಕಿವಿ ಹಿಂಡಿದ್ದ ದಿನಗಳೇ ಚೆನ್ನಾಗಿದ್ದವೆಂದು ಒಮ್ಮೊಮ್ಮೆ ಅನ್ನಿಸುತ್ತದೆ.

ನಿನ್ನೆ ಮಧ್ಯಾಹ್ನ ಒಗೆದ ಹೊದಿಕೆಗಳನ್ನು ಎತ್ತಿಕೊಂಡು ಆ ಬಾಗಿಲ ಮುಂದೆ ಹೋಗುತ್ತಿದ್ದೆ. ಒಳಗೆ ದೊಡ್ಡ ಸಿಸ್ಟರ್ ಕಮ್ಮಾರನ ಸಾಲಿನಲ್ಲಿ ಸಿಕ್ಕಿಬಿದ್ದಿದ್ದರು. ಮೊಳೆಗೆ ಡೀ ಎಂದರು. ಅಜ್ಜಿಯ ಬಾಯಲ್ಲಿ ಚಮಚ ಇತ್ತೋ ಏನೋ, ತಿದ್ದುವ ದನಿ ಕೂಡಲೇ ಕೇಳಲಿಲ್ಲ. ಸರಿಯಾದ ಪದ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಹಲ್ಲು ಕಚ್ಚಿ ಹಿಡಿದೆ, ಹೊದಿಕೆಗಳನ್ನು ಎದೆಗೊತ್ತಿಕೊಂಡು ನಾಲ್ಕನೇ ಕೋಣೆಯ ಕಡೆ ಹೆಜ್ಜೆ ಹಾಕಿದೆ.